ಪುಡಿ ಕೊಟ್ಟ ಊರು, ಬರೀ ತೂಗಿದ ಊರು

ಹಳ್ಳಿಗೆ ಸರ್ವೆ ಮಾಡೋಕೆ ಹೋದವರು ನಗೆಪಾಟಲಾಗದೆ ವಾಪಸ್ ಬಂದದ್ದನ್ನು ನಾನಂತೂ ನೋಡಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ಶ್ರೀನಿವಾಸಪುರದ ಕಡೆ ಎರಡು ಹಳ್ಳಿ ಹಿಡಿದಿದ್ದೆವು. ಒಂದೂರಿನ ಮಕ್ಕಳಿಗೆ ಪೌಷ್ಟಿಕ ಪುಡಿ, ಇನ್ನೊಂದೂರಿನ ಮಕ್ಕಳಿಗೆ ಬರೀ ತೂಕ. ವರ್ಷದ ಕೊನೆಗೆ ಹೋಲಿಸಿ, ಪುಡಿಯಿಂದ ಗುಣ ಕಂಡರೆ ತಾಲ್ಲೂಕಿಗೆಲ್ಲ ಕೊಡೋದು ಅಂತ ಮಾತು.

೧. ಒಂದೇ ಅಚ್ಚು

ಪುಡಿಯೊಂದು ಬಿಟ್ಟು ಬೇರೆ ಯಾವುದರಲ್ಲೂ ಎರಡೂರಿಗೆ ವ್ಯತ್ಯಾಸ ಇರಕೂಡದು ಅಂತ ನಮ್ಮ ಸರ್ವೆ ಸಾಹೇಬರ ಕಟ್ಟಪ್ಪಣೆ. ಸೈಕಲ್ ತುಳಿದೂ ತುಳಿದೂ ಹುಡುಕಿದೆ. ಅದೇ ರಾಗಿ, ಅದೇ ಮಾವಿನ ತೋಪು, ಅದೇ ಜಾತಿಯ ಜನ, ಅದೇ ತೆಲುಗು ಬೆರೆತ ಮಾತು. "ಒಂದೇ ಅಚ್ಚು, ಸಾರ್" ಅಂದೆ. ಸಾಹೇಬರು ಬೆನ್ನು ತಟ್ಟಿದರು. ಆ ಬೆನ್ನು ಇವತ್ತಿಗೂ ಉರೀತದೆ.

೨. ಬರೀ ತೂಕ

ಪುಡಿ ಇಲ್ಲದ ಊರಲ್ಲಿ ಕೂಸನ್ನು ತಕ್ಕಡಿಯ ಜೋಲಿಯಲ್ಲಿ ತೂಗಿ ಹೊರಟರೆ, ತಾಯಿ ಅಡ್ಡ ನಿಂತಳು.

"ಏನ್ ಸಾ, ತಿಂಗಳು ತಿಂಗಳೂ ತೂಗ್ತೀಯ, ಹೋಗ್ತೀಯ. ಸಂತೇಲೇನು ಮಾರ್ತೀಯಾ?"

"ಇಲ್ಲಮ್ಮ, ಆ ಊರಿನ ಮಕ್ಕಳು ಎಷ್ಟು ಚೇತರಿಸ್ಕೊಂಡ್ರು ಅಂತ ತಿಳಿಯೋಕೆ ನಿಮ್ಮವೂ ಬೇಕು."

"ಹಂಗಾದ್ರೆ ನಮ್ಮವು ಸೊರಗಿದ್ರೆ ನಿಂಗೆ ಒಳ್ಳೇದು ಅನ್ನು!"

ನಕ್ಕುಬಿಟ್ಟೆ. ತಕ್ಕಡಿ ಹೆಗಲಿಗೇರಿಸಿ ಮುಂದಿನ ಮನೆಗೆ ನಡೆದೆ.

೩. ಅಜ್ಜಿಯ ಮಡಿಲು

ಕೊನೆಯ ತೂಕದಲ್ಲಿ ಎರಡೂರಿನ ಮಕ್ಕಳೂ ಒಂದೇ ಸಮ ಗುಂಡುಗುಂಡಗೆ! ತಲೆ ಕೆಟ್ಟುಹೋಯ್ತು. ಅವತ್ತೇ ದಾರಿಯಲ್ಲಿ ಪುಡಿ ಊರಿನ ಅಜ್ಜಿಯೊಬ್ಬಳು ಸಿಕ್ಕಳು. ಮಡಿಲಲ್ಲಿ ನಮ್ಮದೇ ಪುಡಿಯ ಪೊಟ್ಟಣ.

"ಎಲ್ಲಿಗಜ್ಜಿ?"

"ಮಗಳ ಊರಿಗೆ ಕಣಪ್ಪ, ನೀನು ಬರೀ ತೂಗ್ತೀಯಲ್ಲ, ಅಲ್ಲಿಗೆ. ಮೊಮ್ಮಗೂನ ಬಿಟ್ಟು ತಿನ್ನಾಕಾಯ್ತದಾ? ನಮ್ಮೂರೋರೆಲ್ಲ ಹೆಣ್ಣು ಕೊಟ್ಟಿರೋದು ಅಲ್ಲೇ. ಎಲ್ಲಾ ನಮ್ಮಂಗೇ ಇರೋ ಊರು ನೋಡಿ ತಾನೆ ಹೆಣ್ಣು ಕೊಡೋದು? ನಿನ್ ದಮ್ಮಯ್ಯ, ಬರ್ಕೋಬೇಡ. ಪುಡಿ ನಿಲ್ಸಿಬಿಡ್ತಾರೆ."

ಬರೆಯಲಿಲ್ಲ. ಅವಳ ಮೇಲಿನ ಕರುಣೆಯಿಂದಲ್ಲ, ಊರು ಆರಿಸಿದ ನನ್ನ ಬಂಡವಾಳ ಬಯಲಾಗುತ್ತೆ ಅನ್ನೋ ಹೆದರಿಕೆಗೆ. ಸಾಹೇಬರು ಲೆಕ್ಕ ನೋಡಿ, "ತಿಂದವರೂ ಗುಂಡಗೆ, ತಿನ್ನದವರೂ ಗುಂಡಗೆ. ಈ ವರ್ಷ ರಾಗಿ ಚೆನ್ನಾಗಿ ಬಂದಿದೆ, ಅಷ್ಟೇ. ಪುಡಿ ದಂಡ" ಅಂತ ವರದಿ ಕಳಿಸಿದರು. ಪುಡಿ ನಿಂತೇಹೋಯ್ತು. ಬರೆದಿದ್ದರೆ ಉಳೀತಿತ್ತು.

ಮಾವಿನ ಕಾಲಕ್ಕೆ ಅಜ್ಜಿ ಬಸ್ ಸ್ಟಾಂಡಿನಲ್ಲಿ ಸಿಕ್ಕಳು. "ಯಾವನೋ ಪಾಪಿ ಬರೆದುಬಿಟ್ಟವ್ನೆ, ಅವನ ಕೈ ಸೇದೋಗ! ನೀನು ಮಾತ್ರ ಬರೀಲಿಲ್ಲ ಕಣಪ್ಪ, ನಂಗೊತ್ತು" ಅಂತ ಎರಡು ಹಣ್ಣು ಮುಂದೆ ಹಿಡಿದಳು.

ಬರೆಯದ ಕೈಯಲ್ಲೇ ಇಸ್ಕೊಂಡೆ.