ಮೇಸ್ತ್ರಿಯ ಸ್ವಂತ ಸರ್ವರು

“ಇನ್ನು ಮೇಲೆ ಸರ್ಕಾರ ಈ ಮನೆಯೊಳಗೆ ಮೂಗು ತೂರಿಸಲಿ ನೋಡೋಣ, ಕೊಯ್ದು ಕೈಗೆ ಕೊಡ್ತೀನಿ!”

ಲಿಫ್ಟ್ ರಿಪೇರಿ ಮಾಡುವುದರಿಂದ ಮೇಸ್ತ್ರಿ ಎಂದೇ ಹೆಸರಾದವನು ಸ್ಕ್ರೂಡ್ರೈವರನ್ನು ಖಡ್ಗದಂತೆ ಎತ್ತಿಹಿಡಿದು ಹೀಗೆ ಗುಡುಗಿದಾಗ, ಕನ್ನಡಕದ ಅಂಗಡಿಯ ಕೆಲಸ ಮುಗಿಸಿ ಬಂದಿದ್ದ ಹೆಂಡತಿ ಬಟ್ಟೆ ಮಡಚುತ್ತಿದ್ದಳು. ಅತ್ತೆ ಫೋನಿನಿಂದ ತಲೆಯನ್ನೇ ಎತ್ತಲಿಲ್ಲ.

ಸಿಟ್ಟಿಗೆ ಕಾರಣವಿತ್ತು. ಲಿಫ್ಟ್ ಕೆಲಸದವರೆಲ್ಲ ಸೇರಿ ನಡೆಸುವ ವೆಬ್‌ಸೈಟಿನಲ್ಲಿ ಮೇಸ್ತ್ರಿ ದಿನವೂ ವೈರಿಂಗ್ ನಕ್ಷೆ ನೋಡುತ್ತಿದ್ದ. ಮಂತ್ರಿಯೊಬ್ಬರು ತಮ್ಮದೇ ಕಚೇರಿಯ ಲಿಫ್ಟಿನಲ್ಲಿ ಎರಡು ಗಂಟೆ ಸಿಕ್ಕಿಹಾಕಿಕೊಂಡರೆಂದೂ ಆ ಲಿಫ್ಟಿನ ಗುತ್ತಿಗೆ ಅವರ ಭಾವಮೈದುನನದೇ ಎಂದೂ ಯಾರೋ ಅಲ್ಲಿ ಬರೆದರು. ಮರುದಿನ ಸೈಟೇ ಮಾಯ! ತೆರೆದರೆ ‘ಇಂಥ ವಿಳಾಸವೇ ಇಲ್ಲ’ ಎಂಬ ಒಂದು ಸಾಲು.

“ಮುಚ್ಚಿಸಿದ್ದೀವಿ ಅನ್ನೋ ಧೈರ್ಯವೂ ಇಲ್ಲ ಕಣೇ! ಇರೋದನ್ನೇ ಇಲ್ಲ ಅಂತಾರೆ! ನಾನೇನು ಅಫೀಮು ತಿಂದಿದ್ದೀನಾ?”

ಕಂಪ್ಯೂಟರ್ ಅಂಗಡಿಯವನು ಗುಟ್ಟು ಬಿಡಿಸಿ ಹೇಳಿದ. ನಾವು ಸೈಟಿನ ಹೆಸರು ಬರೆದರೆ ಅದರ ವಿಳಾಸ ಹುಡುಕಿಕೊಡುವ ಯಂತ್ರವೇ ಡಿಎನ್ಎಸ್ ಸರ್ವರು. ಸರ್ಕಾರ ತನಗಾಗದ ವಿಳಾಸಗಳನ್ನು ಇಂಟರ್ನೆಟ್ ಕಂಪನಿಯ ಸರ್ವರಿನಿಂದ ಅಳಿಸಿಹಾಕಿಸುತ್ತದೆ. ಯಾರು ಏನು ಕೇಳಿದರೆಂದು ಬರೆದಿಡಿಸುತ್ತದೆ ಕೂಡ. ಬೇರೆ ಸರ್ವರು ಆರಿಸಿಕೊಂಡರಾಯಿತು!

ಮೇಸ್ತ್ರಿ ತನ್ನ ಮದುವೆಗೂ ಇಷ್ಟು ತಕರಾರು ತೆಗೆದವನಲ್ಲ. ಮೊದಲನೆಯ ಸರ್ವರು ಜಾಹೀರಾತು ಕಂಪನಿಯದು, ಬೇಡ. ಎರಡನೆಯದು ‘ಸಭ್ಯ ಕುಟುಂಬಗಳಿಗಾಗಿ’ ಅರ್ಧ ಜಗತ್ತನ್ನೇ ಮುಚ್ಚಿಟ್ಟಿತ್ತು. ಮೂರನೆಯದು ಯಾರದೆಂದು ಯಾರಿಗೂ ಗೊತ್ತಿಲ್ಲ. ಕೊನೆಗೆ ಹಳೇ ಕಂಪ್ಯೂಟರೊಂದನ್ನು ಚಪ್ಪಲಿ ಸ್ಟ್ಯಾಂಡಿನ ಮೇಲೆ ಕೂರಿಸಿ ಸ್ವಂತ ಸರ್ವರನ್ನೇ ಶುರುಮಾಡಿ, ಮನೆಯ ವೈಫೈಯನ್ನು ಅದಕ್ಕೇ ಜೋಡಿಸಿಬಿಟ್ಟ! ಲಿಫ್ಟಿನ ಸೈಟು ತೆರೆಯಿತು. ಮೇಸ್ತ್ರಿ ಕುಣಿದಾಡಿದ.

“ಹಂಗಾದ್ರೆ ನಾವು ಏನು ನೋಡ್ತೀವಿ ಅಂತ ಇನ್ನು ಯಾರಿಗೂ ಗೊತ್ತಾಗಲ್ಲ ತಾನೆ?” ಹೆಂಡತಿ ಎರಡು ಸಲ ಕೇಳಿದಳು.

“ಯಾರಿಗೂ ಇಲ್ಲ! ದೇವರಾಣೆಗೂ ಇಲ್ಲ!”

ಒಬ್ಬನಿಗೆ ಗೊತ್ತಾಗುತ್ತಿತ್ತು. ಯಾರ ಫೋನು, ಎಷ್ಟು ಹೊತ್ತಿಗೆ, ಯಾವ ಸೈಟು ಎಂದು ಆ ಯಂತ್ರವೂ ಪಟ್ಟಿ ಬರೆಯುತ್ತಿತ್ತು. ಅದನ್ನು ನಿಲ್ಲಿಸುವ ಗುಂಡಿಯೂ ಅಲ್ಲೇ ಇತ್ತು. ಒಂದೇ ಒಂದು ಸಲ ನೋಡಿ ನಿಲ್ಲಿಸೋಣವೆಂದು ಕುಳಿತ ಮಹಾಶಯ ಮೂರು ದಿನ ಏಳಲಿಲ್ಲ.

ಅತ್ತೆಯ ಫೋನು ದಿನಕ್ಕೆ ನಲವತ್ತು ಸಲ ಕುಸ್ತಿಯ ಸೈಟಿಗೆ ಹೋಗುತ್ತಿತ್ತು!

“ಏನತ್ತೆ, ಕುಸ್ತಿ ಜೋರಾಗಿ ನಡೀತಿದೆ?” ಎಂದು ಊಟಕ್ಕೆ ಕೂತಾಗ ಕಣ್ಣು ಮಿಟುಕಿಸಿದ.

ಅತ್ತೆಯ ಕೈ ತಟ್ಟೆಯಲ್ಲೇ ನಿಂತಿತು. ಆಕೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿದ್ದವಳು. “ಅಳಿಯಂದ್ರೇ, ಊರಿನ ಮಾತೆಲ್ಲ ಮೂವತ್ತು ವರ್ಷ ನನ್ನ ಕೈ ಮೇಲೇ ಹೋಯ್ತು. ಲೈನ್ ಕೊಟ್ಟ ಕೂಡಲೇ ಕಿವಿಯಿಂದ ಫೋನ್ ತೆಗೆದಿಡ್ತಿದ್ದೆ” ಎಂದಳು.

ಮೇಸ್ತ್ರಿಗೆ ಅದು ನಾಟಲಿಲ್ಲ. ಅವನ ಕಣ್ಣು ಹೆಂಡತಿಯ ಪಟ್ಟಿಗೆ ಅಂಟಿಕೊಂಡಿತ್ತು. ವಿಚ್ಛೇದನದ ವಕೀಲರು. ಮಹಿಳೆಯರ ಹಾಸ್ಟೆಲು. ಸೂಟ್‌ಕೇಸ್ ಅಂಗಡಿ. ಮತ್ತೆ ಹಾಸ್ಟೆಲು! ಹದಿನಾಲ್ಕು ವರ್ಷದ ಸಂಸಾರ ಬಿಟ್ಟು ಹೊರಟಳೇ? ಕೇಳೋಣವೆಂದರೆ, ಕದ್ದು ನೋಡಿದ್ದನ್ನು ಒಪ್ಪಿಕೊಳ್ಳಬೇಕು! ಪಿತ್ತ ನೆತ್ತಿಗೇರಿತು. ವಕೀಲರು, ಹಾಸ್ಟೆಲು ಎರಡನ್ನೂ ತನ್ನ ಸರ್ವರಿನಿಂದ ಅಳಿಸಿ ಕೈ ಝಾಡಿಸಿದ.

ಭಾನುವಾರ ಬೆಳಗ್ಗೆ ಹೆಂಡತಿ ಫೋನನ್ನು ಒತ್ತಿದಳು, ಕುಟ್ಟಿದಳು, ಮತ್ತೆ ಒತ್ತಿದಳು.

“ರೀ, ನಿನ್ನೆ ಇದ್ದ ಸೈಟು ಇವತ್ತು ‘ಇಂಥ ವಿಳಾಸವೇ ಇಲ್ಲ’ ಅಂತಿದೆ!”

“ಇಲ್ಲ ಅಂದ್ಮೇಲೆ ಇಲ್ಲ. ಇದ್ದಿದ್ರೆ ತೆರೀತಿರಲಿಲ್ವಾ?” ಎಂದ ಮೇಸ್ತ್ರಿ, ಗೋಡೆ ನೋಡುತ್ತ.

ಹಾಸ್ಟೆಲಿನವರು ಮೋಸಗಾರರಿರಬೇಕೆಂದು ಹೆಂಡತಿ ಕಣ್ಣೀರು ಹಾಕಿದಳು. ಮಧ್ಯಾಹ್ನ ಅತ್ತೆ ತನ್ನ ಫೋನಿಗೆ ಮನೆಯ ವೈಫೈ ತಪ್ಪಿಸಿ, ಸಿಮ್ಮಿನ ಇಂಟರ್ನೆಟ್ ಹಾಕಿ ಬಾಲ್ಕನಿಯಲ್ಲಿ ನಿಂತು ನೋಡಿದಳು. ಸೈಟು ಸಲೀಸಾಗಿ ತೆರೆಯಿತು.

“ಮಗಳೇ, ಹಾಸ್ಟೆಲ್ ಇದೆ. ಲೈನ್ ಕಟ್ ಆಗಿರೋದು ನಮ್ಮ ಮನೆಯೊಳಗೇ.”

ಆದರೆ ಹನ್ನೆರಡು ಗಂಟೆಯೊಳಗೆ ಒಪ್ಪಿಗೆ ಕಳಿಸಬೇಕಿದ್ದ ಹಾಸ್ಟೆಲಿನ ಹಾಸಿಗೆ ಬೇರೆಯವರ ಪಾಲಾಗಿತ್ತು. ತಾಯಿ ಮಗಳು ಇಬ್ಬರೂ ಮೇಸ್ತ್ರಿಯತ್ತ ತಿರುಗಿದರು. “ನೀನೇ ನನ್ನ ಬಿಟ್ಟು ಹೊರಟಿದ್ದೀಯ ಅಂತ...” ಎಂದು ತೊದಲಿದ.

ಹೆಂಡತಿಯ ಕಣ್ಣೀರು ಅಲ್ಲೇ ಆರಿಹೋಯಿತು.

“ನಾನಲ್ಲ ಕಣ್ರೀ! ನಮ್ಮ ಕನ್ನಡಕದ ಅಂಗಡೀಲಿ ನನ್ನ ಪಕ್ಕ ಕೂರ್ತಾಳಲ್ಲ, ಅವಳಿಗೆ! ಗಂಡ ಹೊಡೀತಾನೆ. ದಿನಾ ಅವಳ ಫೋನ್ ಕಿತ್ಕೊಂಡು ಏನೇನು ನೋಡಿದಾಳೆ ಅಂತ ಕೆದಕ್ತಾನೆ. ಅದಕ್ಕೇ ನನ್ನ ಫೋನಲ್ಲಿ ಹುಡುಕಿದ್ದು. ‘ನಮ್ಮನೇಲಿ ಅಂಥ ಗಂಡಸಿಲ್ಲ, ಹೆದರಬೇಡ’ ಅಂತ ಅವಳಿಗೆ ಮಾತು ಕೊಟ್ಟಿದ್ದೆ! ಮಂತ್ರಿಗೆ ಬೈತೀರಲ್ಲ, ನೀವು ಮಾಡಿದ್ದೇನು? ಹೇಳ್ರೀ!”

ಮೇಸ್ತ್ರಿ ಎದ್ದು ಹೋಗಿ ಪಟ್ಟಿಯನ್ನೆಲ್ಲ ಅಳಿಸಿದ, ಅದನ್ನು ನಿಲ್ಲಿಸುವ ಗುಂಡಿ ಒತ್ತಿದ. ಸಂಜೆಯೊಳಗೆ ತನ್ನ ಸಾಮಾನಿನ ಕೋಣೆ ಖಾಲಿ ಮಾಡಿ, ಗುಡಿಸಿ, ಮಂಚ ಹಾಕಿದ. ಆ ಹೆಂಗಸು ಒಂದು ಸೂಟ್‌ಕೇಸ್ ಹಿಡಿದು ಬಂದಳು. ಹೆಂಡತಿ ಅವಳ ಕಿವಿಯಲ್ಲಿ ಎಲ್ಲವನ್ನೂ ಊದಿಯೇ ಒಳಕ್ಕೆ ಕರೆತಂದಳು.

“ಎಷ್ಟು ದಿನ ಬೇಕಾದ್ರೂ ಇರಮ್ಮ, ನಿನ್ನದೇ ಮನೆ ಅಂದ್ಕೊ” ಎಂದ ಮೇಸ್ತ್ರಿ, ತಲೆ ತಗ್ಗಿಸಿ. “ವೈಫೈ ಪಾಸ್‌ವರ್ಡ್ ಬರೆದುಕೊಡ್ಲಾ?”

ಅವಳು ಫೋನನ್ನು ಎದೆಗೆ ಅವಚಿಕೊಂಡಳು.

“ಬೇಡಣ್ಣ. ನನಗೆ ಸರ್ಕಾರದ್ದೇ ವಾಸಿ.”