ನಿವೃತ್ತರಾಗಲೊಲ್ಲದ ಎಡಗಾಲಿನವರಿಗೆ

ಎಡಗಾಲಿನ ಮಾನ್ಯರೇ,

ಮೊದಲಿಗೆ ತಮ್ಮ ಐದೂ ಬೆರಳುಗಳಿಗೆ, ಹಿಮ್ಮಡಿಗೆ, ಮೂರು ಸಲ ಉಳುಕಿಯೂ ಮರ್ಯಾದೆ ಕಳೆದುಕೊಳ್ಳದ ತಮ್ಮ ಕೀಲಿಗೆ ನನ್ನ ಹೃತ್ಪೂರ್ವಕ ವಂದನೆಗಳು. ಈ ಪತ್ರವನ್ನು ತಮ್ಮಿಂದ ಒಂದೂಮುಕ್ಕಾಲು ಮೀಟರ್ ಮೇಲೆ ವಾಸವಾಗಿರುವ ತಲೆಯು ಬರೆಯುತ್ತಿದೆ. ನಲವತ್ತೇಳು ವರ್ಷ ಒಂದೇ ಮೈಯಲ್ಲಿ ಬಾಳಿದರೂ ನಮ್ಮಿಬ್ಬರಿಗೆ ಸರಿಯಾದ ಪರಿಚಯವಾಗಿಲ್ಲವೆಂಬುದು ವಿಷಾದದ ಸಂಗತಿ. ಈ ಮಾತುಗಳನ್ನು ಸ್ನಾನದ ಮನೆಯಲ್ಲಿ ಬಗ್ಗಿ ಖಾಸಗಿಯಾಗಿ ಹೇಳಬಹುದಿತ್ತು. ಆದರೆ ತಾವು ಸಾರ್ವಜನಿಕ ವ್ಯಕ್ತಿಗಳಾದ್ದರಿಂದ ನಮ್ಮ ಲಾನ್ವೊರೆಕ್ ಫುಟ್ಬಾಲ್ ಕ್ಲಬ್ಬಿನ ವಾರ್ತಾಪತ್ರದ ಮೂಲಕವೇ ನಿವೇದಿಸಿಕೊಳ್ಳುತ್ತಿದ್ದೇನೆ.

ತಮ್ಮ ಕೀರ್ತಿಯ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಫ್ರೆಂಚ್ ಕಪ್ಪಿನ ಸೆಮಿಫೈನಲ್ಲಿನಲ್ಲಿ ಮೂವತ್ತು ಮೀಟರ್ ದೂರದಿಂದ ಆ ಫ್ರೀ ಕಿಕ್ಕನ್ನು ಬಾಗಿಸಿದವರು ತಾವು. ದೇಶದ ನೀಲಿ ಅಂಗಿಯಲ್ಲಿ ಹನ್ನೊಂದು ನಿಮಿಷ ಆಡಿದವರೂ ತಾವೇ. ಅಂದು ನನ್ನ ಪಾಲಿಗಿದ್ದದ್ದು ರಾಷ್ಟ್ರಗೀತೆ ಹಾಡುವ ಕೆಲಸವೊಂದೇ, ಅದರಲ್ಲೂ ಎರಡನೇ ಸಾಲು ತಪ್ಪಿದೆ. ಇಂದಿಗೂ ನಾನು ಬ್ರೆಡ್ಡು ತರಲು ಹೋದರೆ ಬೇಕರಿಯ ಯಜಮಾನಿ ಗಲ್ಲಾಪೆಟ್ಟಿಗೆಯ ಮೇಲಿಂದ ಬಗ್ಗಿ ನೆಲ ನೋಡುತ್ತಾ, "ಬನ್ನಿ ಕೆರ್ವಾದೆಕ್, ಹೇಗಿದೆ ನಮ್ಮ ಎಡಗಾಲು?" ಎಂದೇ ಕೇಳುತ್ತಾರೆ. ಚಳಿಗಾಲದಲ್ಲಿ ನನಗೆ ಒಂಬತ್ತು ದಿನ ಜ್ವರವಿತ್ತು. ಅದನ್ನು ಯಾರೂ ಕೇಳಲಿಲ್ಲ.

ಮಾನ್ಯರೇ, ನಮ್ಮ ದೇಶದಲ್ಲಿ ಆಟ ಬಿಟ್ಟ ಫುಟ್ಬಾಲಿಗನಿಗೆ ಮೂರು ದಾರಿಗಳಿವೆಯೆಂದು ತಮಗೆ ಗೊತ್ತೇ ಇದೆ: ಬಾರ್ ತೆರೆಯಬೇಕು, ಟೀವಿಯಲ್ಲಿ ಕೂತು ಉಳಿದವರನ್ನು ಬೈಯಬೇಕು, ಇಲ್ಲವೇ ತರಬೇತುದಾರನಾಗಿ ತಾನೇ ಬೈಸಿಕೊಳ್ಳಬೇಕು. ನಾನು ಮೂರನೆಯದನ್ನು ಹಿಡಿದೆ. ನಮ್ಮ ಜೊತೆಯಲ್ಲಿದ್ದ ಆರ್ಮೆಲ್ ಪೋಂಶೆಯೂ ಅದನ್ನೇ ಹಿಡಿದ. ಹನ್ನೆರಡು ವರ್ಷ ಬೆಂಚಿನ ಮೇಲೆ ಕೂತು, ಕಂಬಳಿ ಹೊದ್ದು, ಸೂರ್ಯಕಾಂತಿ ಬೀಜ ಸುಲಿಯುತ್ತಿದ್ದ ಬದಲಿ ಗೋಲ್‌ಕೀಪರ್ ಅವನು. ಈಗ ಮೊದಲ ಡಿವಿಷನ್ನಿನ ತಂಡವೊಂದನ್ನು ನಡೆಸುತ್ತಿದ್ದಾನೆ. ಇದರ ಗುಟ್ಟು ನನಗೆ ಬಹಳ ತಡವಾಗಿ ಹೊಳೆಯಿತು. ಆ ಹನ್ನೆರಡು ವರ್ಷವೂ ಅವನು ಆಟ ನೋಡುತ್ತಿದ್ದ. ನನ್ನನ್ನು ಬೇರೆಯವರು ನೋಡುತ್ತಿದ್ದರು.

ತರಬೇತುದಾರರ ಡಿಪ್ಲೊಮಾ ಪರೀಕ್ಷೆಯಲ್ಲೇ ತಮ್ಮ ಮೊದಲ ಉಪಕಾರ ಬೆಳಕಿಗೆ ಬಂತು. ಫ್ರೀ ಕಿಕ್ ಹೊಡೆಯುವುದನ್ನು ಆಟಗಾರನಿಗೆ ಹೇಗೆ ಕಲಿಸುತ್ತೀರಿ ಎಂದು ಪರೀಕ್ಷಕರು ಕೇಳಿದರು. ನಾನು ಎದ್ದು ನಿಂತು ಒಂದು ಚೆಂಡು ಕೊಡಿ ಎಂದೆ. "ಚೆಂಡು ಇಲ್ಲ ಸ್ವಾಮಿ, ಬಾಯಲ್ಲಿ ಹೇಳಿ" ಎಂದರು. ನಾನು ಬಾಯಿ ತೆರೆದೆ. ತಾವು ಮೇಜಿನ ಕೆಳಗೆ ಪಟಪಟ ಅಲ್ಲಾಡಿದಿರಿ. ಮಾತು ಮಾತ್ರ ಒಂದೂ ಬರಲಿಲ್ಲ. ಪರೀಕ್ಷೆ ಪಾಸಾಗಲು ನನಗೆ ಮೂರು ವರ್ಷ ಹಿಡಿಯಿತು. ಅದೂ ಗಟ್ಟು ಹೊಡೆದು.

ಆಮೇಲೆ ಎಂಟು ವರ್ಷಗಳಲ್ಲಿ ಆರು ಕ್ಲಬ್ಬುಗಳಿಂದ ನಮ್ಮನ್ನು ಗೌರವಪೂರ್ವಕವಾಗಿ ಬೀಳ್ಕೊಟ್ಟರು. ಮೊದಲನೆಯದರಲ್ಲಿ, ಪಂದ್ಯದ ಹಿಂದಿನ ದಿನ ಹೀಗೆ ಹೊಡೆಯಬೇಕು ನೋಡಿ ಎಂದು ತಾವು ತೋರಿಸಿಕೊಟ್ಟ ಚೆಂಡಿಗೆ ನಮ್ಮದೇ ಗೋಲ್‌ಕೀಪರನ ಎರಡು ಬೆರಳು ಮುರಿದವು. ಎರಡನೆಯದರಲ್ಲಿ, ಅಭ್ಯಾಸ ಪಂದ್ಯಕ್ಕೆ ಒಬ್ಬ ಕಡಿಮೆಯಿದ್ದಾನೆಂದು ಇಳಿದು ತಾವೇ ನಾಲ್ಕು ಗೋಲು ಬಾರಿಸಿದಿರಿ, ಮತ್ತು ನಮ್ಮ ಮುಂಪಡೆಯವರು ಮುಂದಿನ ಎಂಟು ಪಂದ್ಯಗಳಲ್ಲಿ ನಾಚಿಕೆಯಿಂದ ಒಂದೂ ಬಾರಿಸಲಿಲ್ಲ. ಉಳಿದ ನಾಲ್ಕರ ವಿವರ ಬೇಡ. ಪ್ರತಿ ಸಲವೂ ಒಂದೊಂದು ಮೆಟ್ಟಿಲು ಕೆಳಗಿಳಿಯುತ್ತಾ, ಕೊನೆಗೆ ನಾನು ಹುಟ್ಟಿದ ಬ್ರಿಟನಿ ಪ್ರಾಂತ್ಯದ ಕಡಲಂಚಿಗೇ ಬಂದು ಮುಟ್ಟಿದೆವು. ಇನ್ನು ಕೆಳಗೆ ಇರುವುದು ಸಮುದ್ರ.

ಲಾನ್ವೊರೆಕ್‌ನಲ್ಲಿ ಈ ಏಳನೇ ಕ್ಲಬ್ಬಿನ ಅಧ್ಯಕ್ಷೆ ಮದಾಂ ಲ ಗ್ವಾಸ್ತೆರ್ ನನ್ನನ್ನು ಕರೆಸಿ ನೇರವಾಗಿಯೇ ಹೇಳಿದ್ದರು: "ನೋಡಿ, ಈ ಸಲ ಕೆಳಗಿನ ಲೀಗಿಗೆ ಬಿದ್ರೆ ನಮ್ಮನ್ನ ಪಕ್ಕದೂರಿನ ಕ್ಲಬ್ ಜೊತೆ ಸೇರಿಸ್ಬಿಡ್ತಾರೆ. ಆಮೇಲೆ ಅಂಗಿ ಮೇಲೆ ನಮ್ಮೂರ ಹೆಸರೂ ಇರಲ್ಲ, ಬೆಂಚಿನ ಮೇಲೆ ನೀವೂ ಇರಲ್ಲ." ಎಂಟನೇ ಕ್ಲಬ್ಬು ನನ್ನನ್ನು ಕರೆಯುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ತಮಗೆ ತಾಂಗಿಯ ನೆನಪಿರಬೇಕು: ಹಗಲೆಲ್ಲ ಮಾಡು ಹತ್ತಿ ಹೆಂಚು ಹೊದಿಸಿ, ಗುರುವಾರ ಸಂಜೆ ಬೆನ್ನು ಹಿಡಿದುಕೊಂಡು ಅಭ್ಯಾಸಕ್ಕೆ ಬರುವ ಮೂವತ್ತೊಂದು ವರ್ಷದ ನಮ್ಮ ಮುಂಪಡೆಯ ಆಟಗಾರ. ಪ್ರತಿ ಗುರುವಾರವೂ ಅವನದು ಒಂದೇ ಪ್ರಶ್ನೆ: "ಕೋಚ್, ಫ್ರೀ ಕಿಕ್ ಅದ್ಹೆಂಗೆ ಹೊಡೀತೀರಿ ನೀವು?" ನಾನು ಉತ್ತರಿಸುವ ಮೊದಲೇ ತಾವು ಮುಂದೆ ಹೋಗಿ ಚೆಂಡನ್ನು ಮೂಲೆಗೆ ಸೇರಿಸಿ ಬರುತ್ತಿದ್ದಿರಿ. ಅವನು ನಿಟ್ಟುಸಿರು ಬಿಟ್ಟು, "ಅದು ಕಾಣ್ಸತ್ತೆ ಕೋಚ್, ಅದ್ಹೆಂಗೆ ಅಂತ ಕೇಳಿದ್ದು" ಎನ್ನುತ್ತಿದ್ದ. ನನಗೇನು ಗೊತ್ತು? ತಾವು ಎಂದಾದರೂ ನನಗೆ ಹೇಳಿದ್ದುಂಟೇ?

ಇನ್ನು ಕಳೆದ ಭಾನುವಾರದ ವಿಚಾರ. ಋತುವಿನ ಕೊನೆಯ ಪಂದ್ಯ, ಗೆದ್ದರೆ ಮಾತ್ರ ಉಳಿವು. ಮೊದಲರ್ಧದಲ್ಲೇ ಹೊರಗೆ ಬಿದ್ದ ಚೆಂಡನ್ನು ಸುಮ್ಮನೆ ಕೊಡದೆ, ಎದುರು ತಂಡದವನ ಎರಡು ಕಾಲುಗಳ ನಡುವೆ ತೂರಿಸಿ ತಾವು ಒಂದು ಹಳದಿ ಕಾರ್ಡನ್ನು ಸಂಪಾದಿಸಿಕೊಟ್ಟಿರಿ. ಎಪ್ಪತ್ತಾರನೇ ನಿಮಿಷದಲ್ಲಿ ಸ್ಕೋರು ಒಂದೊಂದು. ತಾಂಗಿ ಗೆರೆಯ ಪಕ್ಕದಲ್ಲೇ ಚೆಂಡಿನ ಹಿಂದೆ ಓಡಿ ಬರುತ್ತಿದ್ದಾನೆ, ಮುಂದೆ ಮೈದಾನವೆಲ್ಲ ಖಾಲಿ. ಆಗ ತಾವು, ಕರಿ ಚರ್ಮದ ಬೂಟಿನಲ್ಲಿ, ಗೆರೆಯೊಳಗೆ ಒಂದು ಹೆಜ್ಜೆಯಿಟ್ಟು, ಅವನಿಗಿಂತ ಮೊದಲೇ ಆ ಚೆಂಡನ್ನು ಮೃದುವಾಗಿ, ಮುದ್ದಾಗಿ, ಅಂಗಾಲಿನ ಕೆಳಗೆ ನಿಲ್ಲಿಸಿದಿರಿ. ಎಂಥ ಸೊಗಸು ಮಾರಾಯರೇ! ಇಡೀ ಋತುವಿನಲ್ಲಿ ಲಾನ್ವೊರೆಕ್ ಕಂಡ ಅತ್ಯುತ್ತಮ ಚೆಂಡುತಡೆ ಅದು. ತಾಂಗಿ ನನ್ನ ಮುಖ ನೋಡಿ, "ಕೋಚ್... ಅದು ನಂದು" ಎಂದ. ರೆಫರಿ ಎದುರಾಳಿಗೆ ಫ್ರೀ ಕಿಕ್ಕು ಕೊಟ್ಟು, ನನಗೆ ಎರಡನೇ ಹಳದಿಯನ್ನೂ ಅದರ ಬೆನ್ನಿಗೆ ಕೆಂಪನ್ನೂ ತೋರಿಸಿದರು.

ಹಾಗೆ ನಾನು ತಂಡವನ್ನು ಸಹಾಯಕಿ ನೊಲ್ವೆನ್ ಕೈಗೊಪ್ಪಿಸಿ ಕಂಬಿಬೇಲಿಯ ಆಚೆ ಹೋಗಿ ನಿಂತೆ. ಸಾಸೇಜು ಸುಡುವ ಹೊಗೆಯ ನಡುವೆ ಊರಿನ ಮುದುಕರು ಮೊಣಕೈಯೂರಿ ಆಟ ನೋಡುವ ಜಾಗವದು. ಅಲ್ಲಿಂದ ಮಾತಾಡಲು, ಕೈ ತೋರಿಸಲು ನನಗೆ ಅಪ್ಪಣೆಯಿಲ್ಲ. ಹಳೆಯ ಮೀನುಗಾರ ಇಫಿಗ್ ಪಕ್ಕಕ್ಕೆ ಸರಿದು ಜಾಗ ಕೊಟ್ಟು, "ಬಾ ಮಗಾ. ಇಲ್ಲಿಂದ ಆಟ ಚೆನ್ನಾಗಿ ಕಾಣ್ಸತ್ತೆ" ಎಂದರು. ಅಣಕವೆಂದುಕೊಂಡೆ. ಆದರೆ ನಿಜಕ್ಕೂ ಕಾಣಿಸಿತು.

ಎಂಬತ್ತೊಂಬತ್ತನೇ ನಿಮಿಷದಲ್ಲಿ ಗೋಲಿನಿಂದ ಇಪ್ಪತ್ತು ಮೀಟರ್ ದೂರದಲ್ಲಿ ನಮಗೊಂದು ಫ್ರೀ ಕಿಕ್ ಸಿಕ್ಕಿತು. ಬೂಟಿನೊಳಗೆ ತಾವು ಪಟ್ಟ ಚಡಪಡಿಕೆ ಈಗ ನೆನೆದರೂ ನಗು ಬರುತ್ತದೆ. ತಾಂಗಿ ನನ್ನ ಕಡೆ ನೋಡಿದ. ನಾನು ಎರಡೂ ಕೈಗಳಿಂದ ಕಂಬಿ ಹಿಡಿದುಕೊಂಡು ಸುಮ್ಮನೆ ಅವನನ್ನೇ ನೋಡಿದೆ. ಅವನು ಎರಡೇ ಹೆಜ್ಜೆ ಬಂದು, ತಮ್ಮ ಶೈಲಿಯ ಗಂಧಗಾಳಿಯೂ ಇಲ್ಲದೆ, ಬಲಗಾಲಿನಿಂದ ನೆಲಕ್ಕಂಟಿಸಿ ಬಾರಿಸಿದ. ಚೆಂಡಿಗೆ ಅಡ್ಡವಾಗಿ ಗೋಡೆಯಂತೆ ಸಾಲುಗಟ್ಟಿ ನಿಂತಿದ್ದ ಎದುರಾಳಿಗಳು ಮೇಲಕ್ಕೆ ಹಾರಿದರು, ಚೆಂಡು ಅವರ ಕಾಲಡಿಯಲ್ಲಿ ನುಸುಳಿ ಒಳಗೆ ಹೋಯಿತು. ಇಫಿಗ್ ನನ್ನ ಕೋಟಿಗೆಲ್ಲ ಸಾಸಿವೆ ಬಳಿದು ಅಪ್ಪಿಕೊಂಡರು. ನಾವು ಉಳಿದೆವು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಎಲ್ಲರೂ ಅರಚುತ್ತಿದ್ದಾಗ ತಾಂಗಿ ಬಂದು ನನ್ನ ಪಕ್ಕ ಕೂತ. "ಕೋಚ್, ತಮಾಷೆ ಅಲ್ಲ, ನಾನು ಅದನ್ನ ಹೆಂಗೆ ಹೊಡೆದೆ?" ಎಂದ. ನಾನು ಹೇಳಿದೆ: ಗೋಡೆಯವರು ಮೊದಲರ್ಧದಲ್ಲೂ ಹಾರಿದ್ದನ್ನು ನೀನು ಗಮನಿಸಿದ್ದೆ. ಊರಿದ ಕಾಲು ಚೆಂಡಿಗೆ ಒಂದು ಗೇಣು ಹತ್ತಿರ ಬಂದಿತ್ತು. ಬೆನ್ನು ನೋವೆಂದು ನೀನು ಮುಂದಕ್ಕೆ ಬಾಗಿದ್ದೆಯಲ್ಲ, ಅದಕ್ಕೇ ಚೆಂಡು ಮೇಲೇಳಲಿಲ್ಲ. ಅವನು ಬಾಯಿ ತೆರೆದುಕೊಂಡು ಕೇಳಿದ, ಇನ್ನೊಂದು ಸಲ ಹೇಳಿ ಎಂದ, ಇನ್ನೊಂದು ಸಲ ಹೇಳಿದೆ. ಒಂಬತ್ತು ವರ್ಷಗಳ ವೃತ್ತಿಯಲ್ಲಿ ನಾನು ಒಬ್ಬ ಮನುಷ್ಯನಿಗೆ ಏನನ್ನಾದರೂ ಕಲಿಸಿದ್ದು ಅದೇ ಮೊದಲು. ಅಷ್ಟು ಹೊತ್ತೂ ತಾವು ಬೂಟಿನೊಳಗೆ ಮಿಸುಕಾಡದೆ ಕೂತಿದ್ದಿರಿ. ಅದಕ್ಕಾಗಿ ಈ ಪತ್ರದಲ್ಲಿ ತಮಗೆ ಸಲ್ಲುವ ಏಕೈಕ ಪ್ರಾಮಾಣಿಕ ಧನ್ಯವಾದ ಇಲ್ಲಿದೆ.

ತಮ್ಮ ಮೇಲೆಯೇ ಇಂದಿಗೂ ನಿಂತಿರುವ,
ತಮ್ಮ ವಿಶ್ವಾಸಿ,
ಲೊಯಿಕ್ ಕೆರ್ವಾದೆಕ್ (ತಲೆ)

ತಾ.ಕ.: ಅಧ್ಯಕ್ಷೆಯವರು ಇನ್ನೊಂದು ವರ್ಷ ನನ್ನನ್ನು ಇಟ್ಟುಕೊಂಡಿದ್ದಾರೆ. ಆದ್ದರಿಂದ ಆಗಸ್ಟಿನಲ್ಲಿ ಅಭ್ಯಾಸ ಶುರುವಾದಾಗ ತಾವು ದಯಮಾಡಿ ಮನೆಯಲ್ಲೇ ಉಳಿಯಬೇಕಾಗಿ ಕೋರಿಕೆ. ಬಲಗಾಲಿನವರ ಜೊತೆ ಮಾತಾಡಿದ್ದೇನೆ. ಜೀವಮಾನವಿಡೀ ತಮ್ಮ ಪಕ್ಕದಲ್ಲಿ ಸುಮ್ಮನೆ ನಿಂತು ಆಟ ನೋಡಿದವರು ಅವರು, ತರಬೇತಿಯ ಕೆಲಸಕ್ಕೆ ನಮ್ಮಿಬ್ಬರಿಗಿಂತಲೂ ಯೋಗ್ಯರು. ಕುಂಟಿಕೊಂಡಾದರೂ ಒಬ್ಬರೇ ಬರಲು ಒಪ್ಪಿದ್ದಾರೆ.