ಎರಡು ಕ್ಲಾಸಿಗೆ ಎರಡು ಅಭಿಪ್ರಾಯ

ಒಂದು ಮೇಜು. ಅದರ ಒಂದು ಬದಿಗೆ ಒಬ್ಬರ ಮಾತನ್ನೊಬ್ಬರು ಎಂದೂ ಒಪ್ಪದ ಇಬ್ಬರು ಪ್ರೊಫೆಸರುಗಳು. ಇನ್ನೊಂದು ಬದಿಗೆ ನಾಲ್ಕು ವರ್ಷ ಇಬ್ಬರಿಗೂ “ಹೌದು ಸರ್” ಅಂದುಕೊಂಡೇ ಬಂದ ಒಬ್ಬಳು ಹುಡುಗಿ. ಏನಾಗಿರಬಹುದು, ಊಹಿಸಿ ನೋಡೋಣ.

ಜಗಳ ಆಯಿತು ಅಂದಿರಾ? ಆಯಿತು, ಆದರೆ ನೀವು ಅಂದುಕೊಂಡ ಹಾಗಲ್ಲ. ಹುಡುಗಿ ಅತ್ತಳು ಅಂದಿರಾ? ಅದಂತೂ ಇಲ್ಲ. ಹೇಳುತ್ತೇನೆ, ಆದರೆ ನನ್ನ ಕ್ರಮದಲ್ಲಿ. ನಿವೃತ್ತನಾದವನಿಗೆ ಅವಸರ ಎಲ್ಲಿಂದ ಬರಬೇಕು?

ದೋಹಾದ ಒಂದು ಕಾಲೇಜಿನಲ್ಲಿ ನಾನು ಆಫೀಸ್ ಕೋಆರ್ಡಿನೇಟರ್ ಆಗಿದ್ದೆ. ಹೆಸರು ದೊಡ್ಡದು. ಕೆಲಸ ಅಂದರೆ ಟೈಮ್‌ಟೇಬಲ್ ಹಾಕುವುದು, ಪ್ರೊಜೆಕ್ಟರ್ ಹಚ್ಚಿ ಕೊಡುವುದು, ಜೆರಾಕ್ಸ್ ಮೆಷಿನ್ ಮುಷ್ಕರ ಹೂಡಿದರೆ ಅದರ ಬೆನ್ನಿಗೆ ಎರಡು ಗುದ್ದುವುದು. ಪ್ರೊಫೆಸರುಗಳಿಗೆ ರಾಜಕೀಯವೂ ಮಕ್ಕಳಿಗೆ ಮಾರ್ಕಿನ ಆಸೆಯೂ ಇರುವವರೆಗೆ ಅಂಥ ಆಫೀಸಿನಲ್ಲಿ ಕೂತವನಿಗೆ ನಗುವುದಕ್ಕೆ ಬರಗಾಲವಿಲ್ಲ.

ರೂಮ್ ನಂಬರ್

ಆ ಇಬ್ಬರಲ್ಲಿ ಒಬ್ಬರು ಅಮೆರಿಕದವರು, ಇನ್ನೊಬ್ಬರು ಕೊಲ್ಕತ್ತದವರು. ಒಬ್ಬರು ಕಮ್ಯುನಿಸ್ಟ್. ಯಾರು ಹೇಳಿ? ತಪ್ಪು.

ಅಮೆರಿಕದವರಿಗೆ ಜಗತ್ತಿನ ಎಲ್ಲ ಕಷ್ಟಕ್ಕೂ ಕಂಪೆನಿಗಳೇ ಕಾರಣ. ಕಾಲೇಜು ಕೊಟ್ಟ ದೊಡ್ಡ ವಿಲ್ಲಾದಲ್ಲಿದ್ದು, ಲ್ಯಾಂಡ್ ಕ್ರೂಸರಿನಲ್ಲಿ ಬಂದಿಳಿದು ಅದನ್ನು ಹೇಳುತ್ತಿದ್ದರು. ವರ್ಷಕ್ಕೆ ಒಂದೇ ಒಂದು ದಿನ ಕೆಂಪು ಟೈ ಕಟ್ಟಿಕೊಂಡು ಬರುತ್ತಿದ್ದರು. ಅದು ಅವರ ವ್ರತ. ಕೊಲ್ಕತ್ತದವರಿಗೆ ಎಲ್ಲ ಕಷ್ಟಕ್ಕೂ ಸರ್ಕಾರವೇ ಕಾರಣ. ಬಿಟ್ಟಿ ಮನೆ, ಬಿಟ್ಟಿ ಕರೆಂಟು, ಊರಿಗೆ ಹೋಗಿಬರಲು ಬಿಟ್ಟಿ ಟಿಕೆಟು, ಎಲ್ಲ ಅನುಭವಿಸುತ್ತಲೇ ಅವರು ಬಿಟ್ಟಿ ಕೊಡುವುದು ಮಹಾಪಾಪ ಅನ್ನುತ್ತಿದ್ದರು.

ಪಾಪ, ಇಬ್ಬರೂ ಒಳ್ಳೆಯ ಮನುಷ್ಯರೇ. ಆದರೆ ತಮ್ಮ ಮಾತೇ ಉತ್ತರಪತ್ರಿಕೆಯಲ್ಲಿ ತಿರುಗಿ ಬಂದರೆ ಅವರ ಪೆನ್ನು ಉದಾರವಾಗುತ್ತಿತ್ತು. ಮಕ್ಕಳಿಗೆ ಅದು ತಿಳಿಯಲು ಒಂದು ವಾರ ಸಾಕಾಗಿತ್ತು. ಸೀನಿಯರುಗಳು ಜೂನಿಯರುಗಳಿಗೆ ಪಾಠ ಹೇಳುವ ಜಾಗ ನನ್ನ ಜೆರಾಕ್ಸ್ ಮೆಷಿನ್ನಿನ ಪಕ್ಕ. ಒಂದು ದಿನ ಹೊಸ ಹುಡುಗನೊಬ್ಬ ಓಡುತ್ತ ಬಂದು ಕೇಳಿದ.

“ಅಂಕಲ್, ಅರ್ಜೆಂಟ್. ಬಂಡವಾಳಶಾಹಿ ಒಳ್ಳೆಯದೋ ಕೆಟ್ಟದೋ?”

ನಾನು ಟೈಮ್‌ಟೇಬಲ್ ತೆಗೆದೆ. “ರೂಮ್ ನಂಬರ್ ಎಷ್ಟು?”

ಮೆಕ್ಯಾನಿಕ್‌ನ ತ್ರಾಸ

ಒಮ್ಮೆ ಅಮೆರಿಕದವರ ಕ್ಲಾಸಿನ ಎ.ಸಿ. ಕೆಟ್ಟಿತು. ಜೂನ್ ತಿಂಗಳ ದೋಹಾ, ನೀವೇ ಯೋಚಿಸಿ. ಕ್ಲಾಸು ಬೇಕರಿಯ ಒಲೆಯ ಹಾಗಿತ್ತು. ನಾನು ಮೆಕ್ಯಾನಿಕ್‌ನನ್ನು ಕರೆಸಿದೆ. ಬಾಗಲಕೋಟೆ ಕಡೆಯವನು, ಗಟ್ಟಿ ಆಳು. ಅವನು ಏಣಿ ಹಾಕುವಷ್ಟರಲ್ಲಿ ಮಕ್ಕಳಿಗೆ ಜ್ಞಾನೋದಯವಾಯಿತು. ಮೇಷ್ಟ್ರು ಇಡೀ ಸೆಮಿಸ್ಟರ್ ಯಾವ ಕಾರ್ಮಿಕನ ಬಗ್ಗೆ ಹೇಳಿದ್ದರೋ ಆ ಕಾರ್ಮಿಕ ಸಾಕ್ಷಾತ್ ಕ್ಲಾಸಿಗೇ ಬಂದಿದ್ದಾನೆ!

ಒಬ್ಬಳು ಕುರ್ಚಿ ಕೊಟ್ಟಳು. ಒಬ್ಬ ನೀರು ಕೊಟ್ಟ. ಮುಂದಿನ ಬೆಂಚಿನವರು ಹಿಂದಿಯಲ್ಲಿ ಪ್ರಶ್ನೆ ಶುರುಮಾಡಿದರು: ನಿನಗೆ ಏನೇನು ಕಷ್ಟ? ಯಾರು ಹಿಂಸೆ ಕೊಡುತ್ತಾರೆ? ಸಂಕೋಚ ಬೇಡ, ಹೇಳು. ಮೇಷ್ಟ್ರಿಗಂತೂ ಕಣ್ಣು ತುಂಬಿ ಬಂದಿತ್ತು. ಅದು ಬೆವರೂ ಇರಬಹುದು.

ಅವನು ಬಾಗಿಲ ಹತ್ತಿರ ನಿಂತಿದ್ದ ನನ್ನನ್ನು ನೋಡಿ ಕೈಮುಗಿದ.

“ಸರ, ನೀವು ಕನ್ನಡದಾವ್ರು, ಇವರಿಗೊಂದೀಟು ಹೇಳ್ರಿ. ನನಗ ಏನ್ ತ್ರಾಸ ಐತಿ ಅಂತ ಆಗಿಂದ ಕೇಳಾಕ ಹತ್ಯಾರ. ಸದ್ಯಕ್ಕ ನನಗಿರೂ ತ್ರಾಸ ಅಂದ್ರ ಇವರ ರೀ!”

ಚಹಾದ ಹೋರಾಟ

ಕೊಲ್ಕತ್ತದವರ ಮೆಚ್ಚಿನ ಮಾತು ಇದು: “ಇಬ್ಬರು ಮನಸಾರೆ ಕೊಟ್ಟು ತೆಗೆದುಕೊಂಡರೆ ನಡುವೆ ಮೂರನೆಯವನಿಗೆ ಏನು ಕೆಲಸ? ಎಲ್ಲಕ್ಕೂ ಒಂದು ಬೆಲೆ ಇದೆ.”

ಹಿಂದಿನ ಬೆಂಚಿನಲ್ಲಿ ದೋಹಾದ ಅಲ್ ಸದ್ದ್ ಬಡಾವಣೆಯ ಒಬ್ಬ ಬ್ಯಾರಿ ಹುಡುಗ ಇದ್ದ. ಮಂಗಳೂರಿನ ವ್ಯಾಪಾರದ ಮನೆತನ. ಅವನು ಎದ್ದು ನಿಂತ. “ಸರ್, ನಾನು ಮನಸಾರೆ ತಯಾರಿದ್ದೇನೆ. ಒಂದು ಅಟೆಂಡೆನ್ಸಿಗೆ ನಿಮ್ಮ ರೇಟು ಹೇಳಿ.”

ಇಡೀ ಕ್ಲಾಸು ನಕ್ಕಿತು. ಅವನನ್ನು ಹೊರಗೆ ಹಾಕಿದರು. ಅದೇ ವಾರ ಕಾಲೇಜಿನವರು ಸ್ಟಾಫ್ ರೂಮಿನ ಬಿಟ್ಟಿ ಚಹಾ ನಿಲ್ಲಿಸಿ, ನಾಣ್ಯ ಹಾಕಿ ಕುಡಿಯುವ ಒಂದು ಮೆಷಿನ್ ತಂದು ನಿಲ್ಲಿಸಿದರು. ಬೆಳಿಗ್ಗೆ ನೋಡುತ್ತೇನೆ, ಕೊಲ್ಕತ್ತದವರು ಆ ಮೆಷಿನ್ನಿಗೆ ಅಡ್ಡ ನಿಂತಿದ್ದಾರೆ!

“ಚಹಾ ನಮ್ಮ ಹಕ್ಕು! ಎಲ್ಲರೂ ಒಟ್ಟಾಗಬೇಕು! ಯಾರೂ ನಾಣ್ಯ ಹಾಕಬಾರದು!”

ಅಮೆರಿಕದವರು ಬಂದರು. ಆಚೀಚೆ ನೋಡಿದರು. ಹಕ್ಕಿನ ಹೋರಾಟಗಾರರ ಕಂಕುಳ ಕೆಳಗಿನಿಂದ ಕೈ ತೂರಿಸಿ, ನಾಣ್ಯ ಹಾಕಿ, ಕಪ್ಪು ಹಿಡಿದುಕೊಂಡು ಸದ್ದಿಲ್ಲದೆ ಹೋದರು.

ಬ್ಯಾರಿ ಹುಡುಗ ಕಾರಿಡಾರಿನಲ್ಲಿ ನಿಂತು ಎಲ್ಲ ನೋಡಿದ. ತಲೆ ಕೆರೆದುಕೊಂಡು ನನ್ನ ಹತ್ತಿರ ಬಂದ. “ಅಂಕಲ್, ಇದು ಯಾವ ರೂಮಿನ ಪಾಠ?”

ಸೌಟು

ಈಗ ಮೊದಲು ಹೇಳಿದ ಮೇಜಿಗೆ ಬರೋಣ.

ಹುಡುಗಿ ಕುಂದಾಪುರದ ಕಡೆಯವಳು, ಮನೆ ಐನ್ ಖಾಲಿದ್‌ನಲ್ಲಿ. ಅಪ್ಪ ರಾಸ್ ಲಫಾನ್‌ನ ಗ್ಯಾಸ್ ಪ್ಲಾಂಟಿನಲ್ಲಿ ಶಿಫ್ಟ್ ಆಪರೇಟರ್. ಆ ಜೂನ್‌ಗೆ ಅವರ ಕೆಲಸ ಖಲಾಸ್, ಸಂಸಾರವೆಲ್ಲ ಊರಿಗೆ. ಮಗಳ ವೀಸಾ ಅಪ್ಪನ ಹೆಸರಿನಲ್ಲೇ ಇದ್ದದ್ದು. ಡಿಗ್ರಿಗೆ ಕೊನೆಯ ಪ್ರಾಜೆಕ್ಟಿನ ವೈವಾ ಒಂದು ಬಾಕಿ. ಅದಕ್ಕೆ ಇಬ್ಬರು ಪ್ರೊಫೆಸರುಗಳೂ ಒಟ್ಟಿಗೆ ಕೂತು, ಇಬ್ಬರೂ ಪಾಸು ಅನ್ನಬೇಕು.

ಅಪ್ಪ ನನಗೆ ಫೋನು ಮಾಡಿದರು. “ಮಾರಾಯ್ರೇ, ಹೇಗಾದ್ರೂ ಪಾಸಾದ್ರೆ ಸಾಕು. ಇನ್ನೊಂದು ಸೆಮಿಸ್ಟರ್ ಅಂದ್ರೆ ಅವಳು ಇಲ್ಲಿ ಉಳಿಯುದು ಎಲ್ಲಿ, ಯಾರ ವೀಸಾದಲ್ಲಿ? ನಾಲ್ಕು ವರ್ಷ ನೀರಿಗೆ ಹೋಯ್ತು.”

ಸಂಸಾರವಿಲ್ಲದೆ ದುಡಿಯಲು ಬಂದ ಬ್ಯಾಚುಲರುಗಳಿಗೆ ಮನೆಯಲ್ಲೇ ಅಡುಗೆ ಮಾಡಿ ದುಡ್ಡಿಗೆ ಊಟ ಕಳಿಸುವ ಹೆಂಗಸರ ಬಗ್ಗೆ ಅವಳ ಪ್ರಾಜೆಕ್ಟು. ಅಮೆರಿಕದವರಿಗೆ ಆರು ತಿಂಗಳಿಂದ “ಇದು ಶೋಷಣೆ ಸರ್” ಅಂದಿದ್ದಳು. ಕೊಲ್ಕತ್ತದವರಿಗೆ “ಇದು ಉದ್ಯಮ ಸರ್” ಅಂದಿದ್ದಳು. ಬೇರೆ ಬೇರೆ ರೂಮಿನಲ್ಲಿ ತೊಂದರೆ ಇರಲಿಲ್ಲ. ಈಗ ಇಬ್ಬರೂ ಒಂದೇ ರೂಮಿನಲ್ಲಿ!

ಜೆರಾಕ್ಸ್ ಮೆಷಿನ್ ಎದುರು ತುರ್ತು ಸಭೆ ಸೇರಿತು. ಬ್ಯಾರಿ ಹುಡುಗನೇ ಅಧ್ಯಕ್ಷ. “ನೋಡು, ಅಂಕಲ್ ಅಮೆರಿಕವನ್ನು ಎಡಕ್ಕೆ ಕೂರಿಸ್ತಾರೆ, ಕೊಲ್ಕತ್ತವನ್ನು ಬಲಕ್ಕೆ. ಎಡಕ್ಕೆ ನೋಡಿದಾಗ ಶೋಷಣೆ, ಬಲಕ್ಕೆ ನೋಡಿದಾಗ ಉದ್ಯಮ. ನಡುವೆ ಮಾತ್ರ ನೋಡಬೇಡ.” ಹುಡುಗಿ ಎರಡು ದಿನ ಟೇಬಲ್ ಫ್ಯಾನಿನ ಹಾಗೆ ಕತ್ತು ತಿರುಗಿಸಿ ಅಭ್ಯಾಸ ಮಾಡಿದಳು.

ನಮಗೆ ಹೊಳೆಯದೇ ಹೋದ ಸಂಗತಿ ಒಂದೇ. ವಾರದ ಹಿಂದೆ ಯಾರೋ ಒಬ್ಬ ತಂದೆ ಬಂದು, ಇಲ್ಲಿ ಮಾರ್ಕು ಪಕ್ಷ ನೋಡಿ ಬೀಳುತ್ತದೆ ಅಂತ ಡೀನ್ ಹತ್ತಿರ ಕೂಗಾಡಿದ್ದರು. ಡೀನ್ ಇಬ್ಬರನ್ನೂ ಕರೆದು, “ಮಕ್ಕಳ ಮುಂದೆ ಎದುರು ಪಕ್ಷದ ಮಾತನ್ನೂ ಸ್ವಲ್ಪ ಆಡಿ” ಅಂದದ್ದು ನನ್ನ ಕಿವಿಗೇ ಬಿದ್ದಿತ್ತು. ಬೈದರೆ ಪ್ರೊಫೆಸರುಗಳು ಬದಲಾಗುತ್ತಾರೆ ಅಂತ ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ವೈವಾ ಶುರುವಾಯಿತು. ಅಮೆರಿಕದವರು ಕೆಂಪು ಟೈ ಕಟ್ಟಿದ್ದರು. ಹುಡುಗಿಗೆ ಧೈರ್ಯ ಬಂತು. ಎಡಕ್ಕೆ ತಿರುಗಿ “ಶೋಷಣೆ” ಅಂದಳು.

ಅವರು ಟೈ ಸರಿಮಾಡಿಕೊಂಡು ಅಂದರು: “ಶೋಷಣೆ ಎಲ್ಲಿ ಕಂಡಿತು ನಿನಗೆ? ಈ ಹೆಂಗಸರು ಅಡುಗೆಮನೆಯಲ್ಲೇ ಒಂದು ಉದ್ಯಮ ಕಟ್ಟಿದ್ದಾರೆ! ಎಂಥ ಸಾಹಸ!”

ಹುಡುಗಿ ಗಾಬರಿಯಾಗಿ ಬಲಕ್ಕೆ ತಿರುಗಿ “ಉದ್ಯಮ” ಅಂದಳು.

ಕೊಲ್ಕತ್ತದವರು ಮೇಜು ಕುಟ್ಟಿದರು. “ಉದ್ಯಮವಂತೆ! ಬೆಳಗಿನಿಂದ ಒಲೆ ಮುಂದೆ ಬೇಯುವವಳ ಬೆವರಿಗೆ ಬೆಲೆ ಕಟ್ಟಿದವರು ಯಾರು?”

ಹುಡುಗಿ ನನ್ನನ್ನು ನೋಡಿದಳು. ನಾನು ಪ್ರೊಜೆಕ್ಟರನ್ನು ನೋಡಿದೆ. ಅಷ್ಟರಲ್ಲಿ ಅವರಿಬ್ಬರಿಗೂ ರಂಗೇರಿತ್ತು. ಒಬ್ಬರು ಮಾರುಕಟ್ಟೆಗಾಗಿ, ಇನ್ನೊಬ್ಬರು ಕಾರ್ಮಿಕರಿಗಾಗಿ ಬಾಯಿ ಒಣಗುವವರೆಗೆ ಜಗಳಾಡಿದರು. ಇಷ್ಟು ವರ್ಷ ಒಬ್ಬರ ಪಾಠವನ್ನೊಬ್ಬರು ಬಾಗಿಲ ಮರೆಯಲ್ಲಿ ನಿಂತು ಕಲಿತಿದ್ದರೋ ಏನೋ, ಒಂದು ಅಕ್ಷರ ತಪ್ಪಲಿಲ್ಲ. ಕೊನೆಗೆ ಸುಸ್ತಾಗಿ ಇಬ್ಬರೂ ಒಟ್ಟಿಗೆ ಅವಳ ಕಡೆ ತಿರುಗಿದರು. “ನೀನು ಹೇಳು. ನಿನ್ನ ಅಭಿಪ್ರಾಯ ಏನು?”

 ಹುಡುಗಿ ಎಡಕ್ಕೂ ನೋಡಲಿಲ್ಲ, ಬಲಕ್ಕೂ ನೋಡಲಿಲ್ಲ.

“ಸರ್, ಅದೊಂದು ಪ್ರಿಪೇರ್ ಮಾಡಿಕೊಂಡು ಬಂದಿಲ್ಲ.”

 ಜೂನ್, ವೀಸಾ, ಅಪ್ಪ, ಎಲ್ಲ ನನ್ನ ಕಣ್ಣೆದುರು ಬಂತು. ಅವಳು ಲ್ಯಾಪ್‌ಟಾಪ್ ಮುಚ್ಚಿದಳು.

“ಸರ್, ಆ ಹೆಂಗಸರಲ್ಲಿ ಒಬ್ಬರು ನನ್ನ ಅಮ್ಮ. ಇಷ್ಟು ದಿನ ನಾಚಿಕೆಯಾಗಿ ಹೇಳಿರಲಿಲ್ಲ. ಅಮ್ಮನಿಗೆ ಉದ್ಯಮಿ ಅಂದರೆ ಅವರೇ ನಗ್ತಾರೆ. ಲಾಭ ಎಷ್ಟಮ್ಮ ಅಂದರೆ ಸೌಟು ತೋರಿಸ್ತಾರೆ. ಶೋಷಣೆ ಅಂದರೂ ಸೌಟೇ. ಬೇಡ ಬಿಡಮ್ಮ ಅಂದರೆ, ‘ಪಾಪ, ಆ ಮಕ್ಕಳು ಬರೀ ಅಂಗಡಿಯ ಖುಬ್ಬೂಸ್ ರೊಟ್ಟಿ ತಿಂದು ಮಲಗ್ತಾವೆ’ ಅಂತಾರೆ. ಮೀನಿಗೆ ರೇಟು ಹೆಚ್ಚಾದರೆ ಊಟದ ರೇಟು ಹೆಚ್ಚು ಮಾಡೋದಿಲ್ಲ, ನಮ್ಮ ತಟ್ಟೆಯಲ್ಲಿ ಮೀನು ಕಡಿಮೆ ಮಾಡ್ತಾರೆ. ಇದಕ್ಕೆ ಏನು ಹೆಸರು ಅಂತ ನನಗೆ ಗೊತ್ತಿಲ್ಲ. ನಿಮ್ಮಿಬ್ಬರ ಕ್ಲಾಸಿನಲ್ಲೂ ಬರಲಿಲ್ಲ.”

ಕೊಲ್ಕತ್ತದವರು ಪೆನ್ನಿನ ಮುಚ್ಚಳ ಹಾಕಿದರು. ಆಮೇಲೆ ಅಮೆರಿಕದವರು ಗಂಟಲು ಸರಿಮಾಡಿ, ತಗ್ಗಿದ ದನಿಯಲ್ಲಿ ಕೇಳಿದರು. “ಮೀನು ಅಂದೆಯಲ್ಲ, ಯಾವ ಮೀನು?”

“ಅಂಜಲ್ ಸರ್. ಮಸಾಲೆ ಹಚ್ಚಿ ಹುರಿಯೋದು.”

“ನಾವಿಬ್ಬರೂ ಸೇರಿ ತೆಗೆದುಕೊಂಡರೆ ರೇಟು ಸ್ವಲ್ಪ ಇಳಿಯುತ್ತದೆಯಾ?”

ಕೊಲ್ಕತ್ತದವರು ಮೀನು ಅಂದಾಗಲೇ ಕರಗಿಹೋಗಿದ್ದರು. “ಛೆ ಛೆ, ಆ ತಾಯಿಯ ಹತ್ತಿರ ಚೌಕಾಸಿಯೇ? ನಿಮಗೆ ಕರುಣೆ ಇಲ್ಲವೇ?”

ಪಾಸು! ಇಬ್ಬರದೂ, ಅಲ್ಲೇ, ಅದೇ ಗಳಿಗೆಯಲ್ಲಿ.

ನಾನು ಕಾರಿಡಾರಿಗೆ ಓಡಿ ರಾಸ್ ಲಫಾನ್‌ಗೆ ಫೋನು ಹಚ್ಚಿದೆ. “ಪಾಸು ಮಾರಾಯ್ರೇ! ಜೂನಿಗೆ ಸಾಮಾನು ಕಟ್ಟಿ. ಆದ್ರೆ ಅಲ್ಲಿವರೆಗೆ ಒಲೆ ಕಟ್ಟಬೇಡಿ. ಇವತ್ತು ರಾತ್ರಿಯಿಂದಲೇ ಎರಡು ಊಟ ಹೆಚ್ಚು ಅಂತ ಮನೆಯವರಿಗೆ ಹೇಳಿ.”

 ಆ ಕಡೆಯಿಂದ ಮೂಗು ಸೀಟಿದ ಸದ್ದು. ಆಮೇಲೆ, “ಇವತ್ತಾದ್ರೂ ಹೆಂಡತಿಗೊಂದು ರಜೆ ಕೊಡುವ ಅಂತಿದ್ದೆ, ಮಾರಾಯ್ರೇ.”

ಇವತ್ತೇ ಯಾಕೆ ಅಂತ ನನಗೆ ತಕ್ಷಣ ಹೊಳೆಯಲಿಲ್ಲ. ಅಷ್ಟರಲ್ಲಿ ಕೆಂಪು ಟೈ ನನ್ನ ಪಕ್ಕದಿಂದಲೇ ಹಾದು ಚಹಾ ಮೆಷಿನ್ ಕಡೆ ಹೋಯಿತು, ಜೇಬಿನಲ್ಲಿ ನಾಣ್ಯ ಹುಡುಕುತ್ತ. ಆಗ ನೆನಪಾಯಿತು. ಊರಿನಲ್ಲಾಗಿದ್ದರೆ ಬ್ಯಾಂಕಿಗೂ ರಜೆ, ಆಫೀಸಿಗೂ ರಜೆ. ದೋಹಾದಲ್ಲಿ ಮಾತ್ರ ನಾವೆಲ್ಲ ಡ್ಯೂಟಿಯಲ್ಲಿ ಇದ್ದೆವು. ಕಾರ್ಮಿಕರ ದಿನ. ಎರಡು ಸಾವಿರದ ಏಳನೇ ಇಸವಿ, ಮೇ ಒಂದನೇ ತಾರೀಖು, ಮಂಗಳವಾರ.